ಗುಲ್ಮದ ಅಪಧಮನಿ: ಎಲ್ಲರಲ್ಲೂ ಒಂದೇ ದಾರಿಯಲ್ಲ

ಹೊಟ್ಟೆಯ ಸಿ.ಟಿ. ಸ್ಕ್ಯಾನ್ ವರದಿಯಲ್ಲಿ ‘ಸ್ಪ್ಲೀನಿಕ್ ಆರ್ಟರಿ ವೇರಿಯೇಷನ್’ ಎಂಬ ಸಾಲು ಕಂಡರೆ ಗಾಬರಿಯಾಗಬೇಡಿ. ಅದು ಕಾಯಿಲೆಯ ಹೆಸರಲ್ಲ. ಗುಲ್ಮಕ್ಕೆ, ಅಂದರೆ ಸ್ಪ್ಲೀನ್‌ಗೆ, ರಕ್ತ ಒಯ್ಯುವ ಅಪಧಮನಿ ನಿಮ್ಮಲ್ಲಿ ಸ್ವಲ್ಪ ಬೇರೆ ದಾರಿ ಹಿಡಿದಿದೆ ಎಂದಷ್ಟೇ ಅರ್ಥ. ಅದಕ್ಕೆ ಮಾತ್ರೆ ಬೇಕಿಲ್ಲ, ಪಥ್ಯವೂ ಇಲ್ಲ. ಆಪರೇಷನ್ ಮಾಡಿಸಬೇಕಾಗಿ ಬಂದರೆ ಮಾತ್ರ ಆ ಸಾಲಿಗೆ ಬೆಲೆ ಬರುತ್ತದೆ.

ಗುಲ್ಮ ಎಡಗಡೆ 9ರಿಂದ 11ನೇ ಪಕ್ಕೆಲುಬುಗಳ ಮರೆಯಲ್ಲಿದೆ. ಹಳೆಯ ರಕ್ತಕಣಗಳನ್ನು ಸೋಸುತ್ತದೆ, ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಮಹಾಪಧಮನಿಯಿಂದ ಹೊರಡುವ ಸೀಲಿಯಾಕ್ ಟ್ರಂಕ್ ಎಂಬ ಗಿಡ್ಡ ಕಾಂಡ ಸಾಮಾನ್ಯವಾಗಿ ಮೂರು ಕವಲಾಗುತ್ತದೆ. ಅವುಗಳಲ್ಲಿ ದೊಡ್ಡದೇ ಗುಲ್ಮದ ಅಪಧಮನಿ. ಮೇದೋಜೀರಕ ಗ್ರಂಥಿಯ ಮೇಲಂಚಿನಲ್ಲಿ ಅದು ಹಾವಿನಂತೆ ಬಳುಕುತ್ತ ಎಡಕ್ಕೆ ಸಾಗುತ್ತದೆ. ಎಳೆ ಮಕ್ಕಳಲ್ಲಿ ಹೆಚ್ಚುಕಡಿಮೆ ನೇರವಾಗಿರುತ್ತದೆ, ವಯಸ್ಸಾದಂತೆ ಬಳುಕು ಹೆಚ್ಚುತ್ತದೆ.

ಇನ್ನು ವ್ಯತ್ಯಾಸದ ಮಾತು. ಕೆಲವರಲ್ಲಿ ಇದು ನೇರವಾಗಿ ಮಹಾಪಧಮನಿಯಿಂದಲೇ ಹೊರಡುತ್ತದೆ. ಕೆಲವರಲ್ಲಿ ಸಣ್ಣ ಕರುಳಿಗೆ ರಕ್ತ ಕೊಡುವ ಸುಪೀರಿಯರ್ ಮೆಸೆಂಟರಿಕ್ ಅಪಧಮನಿಯ ಜೊತೆ ಒಂದೇ ಬುಡ ಹಂಚಿಕೊಳ್ಳುತ್ತದೆ. ಮೇದೋಜೀರಕದ ಹಿಂದೆ ಹಾಯುವುದೂ ಉಂಟು, ಅದರೊಳಗೇ ಹುದುಗಿ ಸಾಗುವುದೂ ಉಂಟು. ಕೊನೆಯಲ್ಲಿ ಒಡೆಯುವ ರೀತಿಯೂ ಎರಡು. ಗುಲ್ಮದಿಂದ ದೂರದಲ್ಲೇ ಕವಲೊಡೆದು ಹರಡಿಕೊಳ್ಳುವುದು ಒಂದು, ಗುಲ್ಮದ ಬಾಗಿಲಲ್ಲಿ ಗೊಂಚಲಾಗುವುದು ಇನ್ನೊಂದು. ಅಮೆರಿಕದ ಅಂಗರಚನಾ ತಜ್ಞ ನಿಕೊಲಸ್ ಮೈಕಲ್ಸ್ 1942ರಲ್ಲಿ ಮೊದಲಿನದು ಸುಮಾರು 70% ಜನರಲ್ಲಿದೆ ಎಂದು ತೋರಿಸಿದರು.

ಸರ್ಜನ್‌ಗೆ ಇದರಿಂದ ಏನು? ಗುಲ್ಮ ತೆಗೆಯುವಾಗ ಹರಡಿಕೊಂಡ ಕವಲುಗಳನ್ನು ಒಂದೊಂದಾಗಿ ಕಟ್ಟಬೇಕು. ಒಂದು ತಪ್ಪಿದರೂ ರಕ್ತ ಹರಿಯುತ್ತದೆ. ನಾಳ ಮೇದೋಜೀರಕದೊಳಗೆ ಹುದುಗಿದ್ದರೆ ಬಿಡಿಸುವಾಗ ಗ್ರಂಥಿ ಹರಿದು ಜೀರ್ಣರಸ ಸೋರಬಹುದು. ಕರುಳಿನ ಅಪಧಮನಿಯ ಜೊತೆ ಬುಡ ಹಂಚಿಕೊಂಡಿದ್ದರೆ ಅಪಾಯ ಇನ್ನೂ ದೊಡ್ಡದು. ಬುಡದಲ್ಲೇ ಕಟ್ಟಿದರೆ ಕರುಳಿಗೆ ರಕ್ತ ನಿಲ್ಲುತ್ತದೆ. ಹೊಟ್ಟೆಯ ಕ್ಯಾನ್ಸರ್ ಆಪರೇಷನ್‌ನಲ್ಲೂ ಈ ನಾಳದ ಪಕ್ಕದ ದುಗ್ಧಗ್ರಂಥಿಗಳನ್ನು ತೆಗೆಯಬೇಕಾಗಬಹುದು.

ಬೈಕಿನಿಂದ ಬಿದ್ದು ಎಡಪಕ್ಕೆಗೆ ಪೆಟ್ಟಾದಾಗ ಗುಲ್ಮ ಒಡೆಯುವುದು ಸಾಮಾನ್ಯ. ಈಗ ಎಲ್ಲ ಸಲವೂ ಅದನ್ನು ತೆಗೆದುಹಾಕುವುದಿಲ್ಲ. ರಕ್ತದೊತ್ತಡ ಸ್ಥಿರವಾಗಿದ್ದರೆ ತೊಡೆಸಂದಿಯಿಂದ ತೆಳುವಾದ ಕೊಳವೆ ತೂರಿಸಿ, ಅಪಧಮನಿಯಲ್ಲಿ ಲೋಹದ ಸುರುಳಿ ಇಟ್ಟು ರಕ್ತಸ್ರಾವ ನಿಲ್ಲಿಸಬಹುದು. ಇದೇ ಎಂಬೊಲೈಸೇಷನ್. ಜಠರದ ಕಡೆಯ ಸಣ್ಣ ನಾಳಗಳು ಗುಲ್ಮವನ್ನು ಜೀವಂತ ಇಡುತ್ತವೆ. ಕೊಳವೆ ತೂರಿಸುವವರಿಗೂ ದಾರಿಯ ನಕ್ಷೆ ಮೊದಲೇ ಗೊತ್ತಿರಬೇಕು.

ಆ ನಕ್ಷೆ ಕೊಡುವುದು ಸಿ.ಟಿ. ಆಂಜಿಯೋಗ್ರಾಂ. ತೋಳಿನ ರಕ್ತನಾಳಕ್ಕೆ ಅಯೋಡಿನ್ ಇರುವ ಬಣ್ಣದ್ರವ ಕೊಟ್ಟು ಕೆಲವೇ ಸೆಕೆಂಡುಗಳಲ್ಲಿ ಚಿತ್ರ ತೆಗೆಯುತ್ತಾರೆ. ಮೈ ಬೆಚ್ಚಗಾದಂತೆ ಅನಿಸಬಹುದು, ಹೆದರಬೇಕಿಲ್ಲ. ಮೊದಲು ಮೂತ್ರಪಿಂಡದ ಸ್ಥಿತಿ ನೋಡಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುತ್ತಾರೆ. ಅಲರ್ಜಿ, ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ, ಗರ್ಭ ಇದ್ದರೆ ಮರೆಯದೆ ಹೇಳಿ.

ಗುಲ್ಮ ತೆಗೆಯಲೇಬೇಕಾದರೆ ನ್ಯುಮೋಕಾಕಸ್, ಮೆನಿಂಗೊಕಾಕಸ್, ಹಿಬ್ ಲಸಿಕೆಗಳ ಬಗ್ಗೆ ಕೇಳಿ. ಆಪರೇಷನ್‌ಗೆ ಕನಿಷ್ಠ ಎರಡು ವಾರ ಮೊದಲೇ ಹಾಕಿಸಿದರೆ ಒಳ್ಳೆಯದು. ಮುಂದೆ ಜ್ವರ ಬಂದರೆ ಮನೆಯಲ್ಲಿ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಖರ್ಚು? ಖಾಸಗಿಯಲ್ಲಿ ಸ್ಕ್ಯಾನ್‌ಗೇ ಕೆಲವು ಸಾವಿರ ರೂಪಾಯಿ ಬೀಳುತ್ತದೆ, ಮೊದಲೇ ದರ ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ 30%, ಮಿತಿ ವರ್ಷಕ್ಕೆ 1.5 ಲಕ್ಷ. ತುರ್ತಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ಬೆಂಗಳೂರಿನ ಮತ್ತಿಕೆರೆಯವರಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಮಲ್ಲೇಶ್ವರದ ಕೆ.ಸಿ. ಜನರಲ್. ಮತ್ತಿಕೆರೆಯಲ್ಲೇ 1979ರಲ್ಲಿ ಆರಂಭವಾದ ರಾಮಯ್ಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಎಲ್ಲಿಗೇ ಹೋದರೂ ವರದಿಯ ಹಾಳೆಯ ಜೊತೆ ಸ್ಕ್ಯಾನ್‌ನ ಸಿ.ಡಿ.ಯನ್ನೂ ಒಯ್ಯಿರಿ. ಸರ್ಜನ್‌ಗೆ ಬೇಕಾದ್ದು ಆ ಚಿತ್ರಗಳೇ.