ಹೊಸ್ತಿಲಲ್ಲೇ ನಿಲ್ಲುವ ಮುಲಾಮು

ಜ್ವರ ಬಂದಾಗಲೋ, ಬಿಸಿಲಲ್ಲಿ ಅಲೆದು ಬಂದ ಮೇಲೋ ಕೆಲವರಿಗೆ ತುಟಿಯಂಚು ಚುರುಗುಟ್ಟತೊಡಗುತ್ತದೆ. ಮರುದಿನ ನೋಡಿದರೆ ಅಲ್ಲಿ ನೀರು ತುಂಬಿದ ಸಣ್ಣ ಗುಳ್ಳೆಗಳ ಗೊಂಚಲು. ಔಷಧದಂಗಡಿಯಿಂದ ಅಸೈಕ್ಲೋವಿರ್ ಕ್ರೀಮ್ ತಂದು ದಿನಕ್ಕೆ ಐದು ಸಲ ಹಚ್ಚಿದರೂ ಗುಳ್ಳೆ ಒಡೆದು, ಹಕ್ಕಳೆಗಟ್ಟಿ, ಉದುರಲು ಸುಮಾರು ದಿನ ಬೇಕು. ಔಷಧದಲ್ಲಿ ದೋಷವಿಲ್ಲ. ಅದು ಸೇರಬೇಕಾದ ಜಾಗಕ್ಕೆ ಸಾಕಷ್ಟು ಸೇರುತ್ತಿಲ್ಲ, ಅಷ್ಟೇ.

ಈ ಗುಳ್ಳೆಗೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್, ಅದರಲ್ಲೂ ಹೆಚ್ಚಾಗಿ ಮೊದಲನೆಯ ಬಗೆಯದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ ಸುಮಾರು 380 ಕೋಟಿ ಜನರ ದೇಹದಲ್ಲಿ ಇದು ಮನೆ ಮಾಡಿದೆ. ಬಹುಪಾಲು ಜನರಿಗೆ ಅದು ಅಂಟುವುದು ಬಾಲ್ಯದಲ್ಲೇ. ಎಷ್ಟೋ ಜನರಿಗೆ ಅದರ ಸುಳಿವೂ ಸಿಗುವುದಿಲ್ಲ. ಮುಖದ ಸ್ಪರ್ಶಜ್ಞಾನ ಹೊತ್ತೊಯ್ಯುವ ನರದ ಗಂಟಿನಲ್ಲಿ ವೈರಸ್ ಅಡಗಿ ಕೂರುತ್ತದೆ. ಎಚ್ಚೆತ್ತಾಗ ನರದ ಎಳೆ ಹಿಡಿದು ತುಟಿಗೆ ಇಳಿಯುತ್ತದೆ. ಅಂದರೆ ಅದು ಬರುವುದು ಒಳಗಿನಿಂದ. ಸಂತಾನ ಬೆಳೆಸಿಕೊಳ್ಳುವುದು ಹೊರಚರ್ಮದ ತಳಪದರದಲ್ಲಿ.

ಅಸೈಕ್ಲೋವಿರ್ ರೂಪುಗೊಂಡದ್ದು 1970ರ ದಶಕದಲ್ಲಿ, ಬರೋಸ್ ವೆಲ್‌ಕಮ್ ಕಂಪನಿಯ ಪ್ರಯೋಗಾಲಯದಲ್ಲಿ. ಅಲ್ಲಿ ದುಡಿದ ಗರ್ಟ್ರೂಡ್ ಎಲಿಯನ್ 1988ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಈ ಅಣುವಿನ ಜಾಣ್ಮೆ ಬೆರಗು ಹುಟ್ಟಿಸುವಂಥದ್ದು. ಆರೋಗ್ಯವಂತ ಜೀವಕೋಶದಲ್ಲಿ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ. ಸೋಂಕಿದ ಕೋಶದಲ್ಲಿ ಮಾತ್ರ ವೈರಸ್ಸಿನದೇ ಕಿಣ್ವವೊಂದು ಅದನ್ನು ಎಬ್ಬಿಸುತ್ತದೆ. ಎದ್ದ ಅಣು ವೈರಸ್ ಹೆಣೆಯುತ್ತಿರುವ ಡಿಎನ್‌ಎ ಸರಪಳಿಗೆ ಸೇರಿಕೊಳ್ಳುತ್ತದೆ. ಮುಂದಿನ ಕೊಂಡಿ ಸಿಕ್ಕಿಸುವ ಜಾಗವೇ ಅದರಲ್ಲಿಲ್ಲ. ಸರಪಳಿ ಅಲ್ಲಿಗೇ ನಿಲ್ಲುತ್ತದೆ.

ಇಂಥ ಔಷಧವನ್ನು ತಡೆಯುವುದು ಚರ್ಮದ ತುತ್ತತುದಿಯ ಪದರ. ಹೆಚ್ಚಿನ ಕಡೆ ಅದರ ದಪ್ಪ 10ರಿಂದ 20 ಮೈಕ್ರೋಮೀಟರ್ ಮಾತ್ರ. ಸತ್ತ ಕೋಶಗಳು ಇಟ್ಟಿಗೆಯಂತೆ, ನಡುವಿನ ಕೊಬ್ಬು ಗಾರೆಯಂತೆ. ಸಾಮಾನ್ಯವಾಗಿ 500 ಡಾಲ್ಟನ್‌ಗಿಂತ ಹಗುರಾದ ಅಣುಗಳು ಇದನ್ನು ದಾಟಬಲ್ಲವು. ಅಸೈಕ್ಲೋವಿರ್ ತೂಗುವುದು 225. ಆದರೆ ಕೊಬ್ಬು ಅದಕ್ಕೆ ಒಗ್ಗದು. ನೀರಿನಲ್ಲೂ ಅದು ಕರಗುವುದು ಅಲ್ಪವೇ. ಕರಗದ್ದು ಒಳಗಿಳಿಯದು. 1992ರಲ್ಲಿ ಪ್ರಕಟವಾದ ಅಧ್ಯಯನವೊಂದು ಮನುಷ್ಯರ ಚರ್ಮದಲ್ಲಿ ಇದನ್ನು ಅಳೆಯಿತು. ನುಂಗಿದಾಗಿನದಕ್ಕಿಂತ ಹಚ್ಚಿದಾಗ ಹೊರಚರ್ಮದಲ್ಲಿ ಒಟ್ಟಾರೆ 48 ಪಟ್ಟು ಹೆಚ್ಚು ಔಷಧವಿತ್ತು. ವೈರಸ್ ಇರುವ ತಳಪದರದಲ್ಲಿ ಮಾತ್ರ ಎರಡು ಮೂರು ಪಟ್ಟು ಕಡಿಮೆ. ಅಟ್ಟದ ತುಂಬ ಅಕ್ಕಿ, ಒಲೆಯ ಮೇಲೆ ಬರಿದಾದ ಪಾತ್ರೆ.

ಹಾಗಾಗಿ ಸಂಶೋಧಕರ ಗಮನ ಔಷಧದಿಂದ ಅದನ್ನು ಹೊರುವ ವಾಹಕದತ್ತ ತಿರುಗಿತು. ಮೊದಲು ಬಂದ ಪಾಲಿಎಥಿಲೀನ್ ಗ್ಲೈಕಾಲ್ ಮುಲಾಮು ಔಷಧವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತಿತ್ತು. ಪ್ರೊಪಿಲೀನ್ ಗ್ಲೈಕಾಲ್ ಬೆರೆತ ಕ್ರೀಮ್ ಅದಕ್ಕಿಂತ ಚೆನ್ನಾಗಿ ಔಷಧವನ್ನು ಬಿಟ್ಟುಕೊಟ್ಟಿತು. ಆದರೂ ದೊಡ್ಡ ಪ್ರಯೋಗಗಳಲ್ಲಿ, ಗುಳ್ಳೆ ಮಾಯುವ ಅವಧಿಯಲ್ಲಿ ಕ್ರೀಮ್ ಉಳಿಸಿದ್ದು ಸುಮಾರು ಅರ್ಧ ದಿನ. ಮುಂದೆ ಹಲವು ದಾರಿಗಳು ತೆರೆದುಕೊಂಡವು: ಔಷಧವನ್ನು ಕೊಬ್ಬಿನ ಸೂಕ್ಷ್ಮ ಗುಳಿಗೆಗಳಲ್ಲಿ ತುಂಬುವ ಲೈಪೋಸೋಮ್, ನೋವಿಲ್ಲದೆ ಮೇಲ್ಪದರವನ್ನು ಚುಚ್ಚಿ ದಾರಿ ಮಾಡುವ ಕೂದಲೆಳೆಯಂಥ ಸೂಜಿಗಳ ಪಟ್ಟಿ, ಸಣ್ಣ ವಿದ್ಯುತ್ ಪ್ರವಾಹದಿಂದ ಔಷಧವನ್ನು ಒಳಕ್ಕೆ ತಳ್ಳುವ ವಿಧಾನ. ಇವುಗಳಲ್ಲಿ ಬಹಳಷ್ಟು ಇನ್ನೂ ಪ್ರಯೋಗದ ಅಂಗಳದಲ್ಲೇ ಇವೆ. ಇನ್ನೊಂದು ಉಪಾಯ ಗೋಡೆಯನ್ನೇ ಬಳಸಿಹೋಯಿತು: ಅಸೈಕ್ಲೋವಿರ್‌ಗೆ ವ್ಯಾಲೀನ್ ಎಂಬ ಅಮೈನೋ ಆಮ್ಲ ಜೋಡಿಸಿದ ವಲಸೈಕ್ಲೋವಿರ್ ಮಾತ್ರೆ. ಕರುಳು ಇದನ್ನು ಅಸೈಕ್ಲೋವಿರ್‌ಗಿಂತ ಮೂರರಿಂದ ಐದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ; ಔಷಧ ರಕ್ತದ ಮೂಲಕ, ಕೆಳಗಿನಿಂದಲೇ ತಳಪದರ ಮುಟ್ಟುತ್ತದೆ.

ನಮ್ಮ ಕೈಯಲ್ಲಿರುವುದು ಸಮಯ. ವೈರಸ್ ಹೆಚ್ಚಾಗಿ ಬೆಳೆಯುವುದು ಮೊದಲ ಒಂದೆರಡು ದಿನಗಳಲ್ಲೇ. ಗುಳ್ಳೆ ಎದ್ದ ಮೇಲೆ ಹಚ್ಚುವುದಕ್ಕಿಂತ ಚುರುಗುಟ್ಟಿದ ಗಳಿಗೆಯಲ್ಲೇ ಹಚ್ಚಿ, ಹಚ್ಚಿದ ಬೆರಳನ್ನು ತೊಳೆಯಿರಿ. ಅದೇ ಬೆರಳು ಕಣ್ಣಿಗೆ ತಾಗದಿರಲಿ. ಗುಳ್ಳೆ ಮಾಯುವವರೆಗೆ ಹಸುಗೂಸಿಗೆ ಮುತ್ತು ಬೇಡ. ಎಳೆಯ ಕೂಸಿನ ಜೀವಕ್ಕೇ ಈ ವೈರಸ್ ಕುತ್ತು ತರಬಲ್ಲದು. ಪದೇ ಪದೇ ಗುಳ್ಳೆ ಏಳುವವರು ವೈದ್ಯರ ಬಳಿ ಮಾತ್ರೆಯ ವಿಚಾರ ಕೇಳಬೇಕು. ತಳಪದರಕ್ಕೆ ಔಷಧ ಇಳಿಯಲು ಹೊತ್ತು ಹಿಡಿಯುತ್ತದೆಂದು ತಿಳಿದವರು, ಆ ಹೊತ್ತನ್ನು ಅದಕ್ಕೆ ಮುಂಚಿತವಾಗಿಯೇ ಕೊಡುತ್ತಾರೆ.