ನಿಮಗಿದು ಗೊತ್ತೇ? ಹಳೆಯ ರಾ ಫೈಲಿಗೂ ಆಯುಷ್ಯವಿದೆ!

ಡಿಜಿಟಲ್ ಫೋಟೊಗೆ ಗೆದ್ದಲು ಹಿಡಿಯುವುದಿಲ್ಲ, ಬಣ್ಣ ಮಾಸುವುದಿಲ್ಲ. ಆದರೆ ಅದನ್ನು ತೆರೆಯುವ ಸಾಫ್ಟ್‌ವೇರ್ ಇಲ್ಲವಾದರೆ ಫೋಟೊ ಇದ್ದೂ ಇಲ್ಲದಂತೆ. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ರಾ ಫೈಲುಗಳನ್ನು ಇಟ್ಟುಕೊಂಡವರು ಇಷ್ಟನ್ನು ತಿಳಿದಿರಲೇಬೇಕು.

◆ ರಾ ಫೈಲಿನ ಮುಖ್ಯ ಭಾಗದಲ್ಲಿರುವುದು ಸಿದ್ಧ ಚಿತ್ರವಲ್ಲ, ಬೆಳಕಿನ ಅಳತೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಒಂದು ಪಿಕ್ಸೆಲ್ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನಷ್ಟೇ ಅಳೆಯುತ್ತದೆ. ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ನೋಡಿ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಈ ಬಣ್ಣದ ಜಾಲರಿಗೆ 1976ರಲ್ಲಿ ಪೇಟೆಂಟ್ ಪಡೆದವರು ಕೊಡಕ್ ಕಂಪನಿಯ ಬ್ರೈಸ್ ಬೇಯರ್. ಪ್ರತಿ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡನ್ನು ಅವರು ಹಸಿರಿಗೇ ಬಿಟ್ಟರು. ನಮ್ಮ ಕಣ್ಣು ಹೆಚ್ಚು ಸೂಕ್ಷ್ಮವಾಗಿರುವುದು ಆ ಬಣ್ಣಕ್ಕೇ.

◆ ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೂ 256 ಹಂತ. 12 ಬಿಟ್ ರಾ ಫೈಲಿನಲ್ಲಿ 4,096, 14 ಬಿಟ್‌ನದ್ದರಲ್ಲಿ 16,384! ಕತ್ತಲೆಯಲ್ಲಿ ಮುಳುಗಿದ ಮುಖವನ್ನು ರಾ ಫೈಲಿನಿಂದ ಮೇಲೆತ್ತಲು ಸಾಧ್ಯವಾಗುವುದು ಇದರಿಂದಲೇ.

◆ ಕಂಪನಿಗೊಂದು ರಾ. ಕ್ಯಾನನ್‌ನದ್ದು ಮೊದಲು ಸಿಆರ್‌ಡಬ್ಲ್ಯು, ಆಮೇಲೆ ಸಿಆರ್2, 2018ರಿಂದ ಸಿಆರ್3. ನಿಕಾನ್‌ನದ್ದು ಎನ್‌ಇಎಫ್, ಸೋನಿಯದ್ದು ಎಆರ್‌ಡಬ್ಲ್ಯು, ಒಲಿಂಪಸ್‌ನದ್ದು ಒಆರ್‌ಎಫ್. ಹೆಸರು ಒಂದೇ ಇದ್ದರೂ ಹೊಸ ಮಾಡೆಲ್ ಬಂದಾಗ ಒಳಗಿನ ವಿವರ ಬದಲಾಗಬಹುದು.

◆ ಕ್ಯಾಮೆರಾ ಕಂಪನಿಗಳು ಚಿರಂಜೀವಿಗಳಲ್ಲ. ಕೊನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮೆರಾ ವ್ಯಾಪಾರವನ್ನೇ ಬಿಟ್ಟಿತು. ಅದರ ಎಂಆರ್‌ಡಬ್ಲ್ಯು ಫೈಲುಗಳು ಮಾತ್ರ ಇಂದಿಗೂ ಜನರ ಡಿಸ್ಕುಗಳಲ್ಲಿವೆ. ಡಿಜಿಟಲ್ ಕ್ಯಾಮೆರಾದ ಹಾದಿ ತೆರೆದ ಕೊಡಕ್ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು.

◆ ಕಂಪನಿ ಉಳಿದರೂ ಸಾಫ್ಟ್‌ವೇರ್ ಉಳಿಯಬೇಕೆಂದಿಲ್ಲ. ಆಪಲ್ ತನ್ನ ಮ್ಯಾಕ್ ಕಾರ್ಯಾಚರಣೆ ವ್ಯವಸ್ಥೆಯ 2011ರ ಲಯನ್ ಆವೃತ್ತಿಯಲ್ಲಿ ಪವರ್‌ಪಿಸಿ ಕಾಲದ ಪ್ರೋಗ್ರಾಂಗಳಿಗೆ ಬಾಗಿಲು ಹಾಕಿತು. 2019ರ ಕ್ಯಾಟಲಿನಾದಲ್ಲಿ 32 ಬಿಟ್‌ನವೂ ನಿಂತವು. ಕ್ಯಾಮೆರಾ ಜೊತೆ ಬಂದಿದ್ದ ಸಿಡಿಯನ್ನು ಜೋಪಾನ ಮಾಡಿಟ್ಟಿದ್ದರೂ ಅದು ಇಂದಿನ ಕಂಪ್ಯೂಟರಿನಲ್ಲಿ ಓಡುವುದೇ ಅನುಮಾನ.

◆ 2005ರಲ್ಲಿ ನಿಕಾನ್ ಡಿ2ಎಕ್ಸ್ ಬಂದಾಗ ದೊಡ್ಡ ಗಲಾಟೆಯೇ ನಡೆಯಿತು. ಅದರ ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸ್ ಮಾಹಿತಿ ಗೂಢಲಿಪಿಯಲ್ಲಿತ್ತು. ಬಹಿರಂಗವಾಗಿ ದನಿ ಎತ್ತಿದವರಲ್ಲಿ ಫೋಟೊಶಾಪ್ ಸೃಷ್ಟಿಕರ್ತರಲ್ಲೊಬ್ಬರಾದ ಥಾಮಸ್ ನೋಲ್ ಕೂಡ ಇದ್ದರು. ನಾವು ತೆಗೆದ ಫೋಟೊದ ಬೀಗದ ಕೈ ಬೇರೆಯವರ ಬಳಿ ಇರಬಾರದು ಎಂಬ ಅರಿವು ಆಗ ಬಲವಾಯಿತು.

◆ ಬೀಗ ತೆಗೆಯುವ ಕೆಲಸವನ್ನು ಒಬ್ಬರೇ ಕೈಗೆತ್ತಿಕೊಂಡಿದ್ದೂ ಉಂಟು. ಡೇವ್ ಕಾಫಿನ್ 1997ರಲ್ಲಿ ಆರಂಭಿಸಿದ ಡಿಸಿರಾ ಎಂಬ ಉಚಿತ ಪ್ರೋಗ್ರಾಂ ನೂರಾರು ಕ್ಯಾಮೆರಾಗಳ ಫೈಲುಗಳನ್ನು ತೆರೆಯುತ್ತದೆ. ಅದರ ಕೊನೆಯ ಆವೃತ್ತಿ ಬಂದದ್ದು 2018ರಲ್ಲಿ. ಆ ಕೋಡಿನಿಂದಲೇ ಬೆಳೆದ ಲಿಬ್‌ರಾ ಈಗಲೂ ಅನೇಕ ಪ್ರೋಗ್ರಾಂಗಳಿಗೆ ಆಧಾರ.

◆ ಕಾಪಿಡಲೆಂದೇ ರೂಪುಗೊಂಡ ರಾ ಮಾದರಿಯೂ ಇದೆ: ಡಿಎನ್‌ಜಿ, ಅಂದರೆ ಡಿಜಿಟಲ್ ನೆಗೆಟಿವ್. ಅಡೋಬಿ ಇದನ್ನು ಹೊರತಂದದ್ದು 2004ರ ಸೆಪ್ಟೆಂಬರ್‌ನಲ್ಲಿ. ಇದರ ಪೂರ್ತಿ ವಿವರಣೆ ಎಲ್ಲರಿಗೂ ಮುಕ್ತ, ಬಳಕೆಗೆ ರಾಯಧನವಿಲ್ಲ. ನಾಳೆ ಅಡೋಬಿಯೇ ಇಲ್ಲವಾದರೂ ಆ ವಿವರಣೆ ಓದಿ ಯಾರು ಬೇಕಾದರೂ ಫೈಲ್ ತೆರೆಯುವ ಪ್ರೋಗ್ರಾಂ ಬರೆಯಬಹುದು. ಡಿಎನ್‌ಜಿಯ ನಿಜವಾದ ಬಲ ಇದು.

◆ ಫೈಲಿನ ಒಳಗೊಮ್ಮೆ ಇಣುಕಿ ನೋಡಿ. ಡಿಎನ್‌ಜಿ ಫೈಲನ್ನು ಬೈಟ್‌ಗಳಾಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದರೆ ಸಾಮಾನ್ಯವಾಗಿ ಮೊದಲಿಗೇ ಕಾಣುವುದು 49 49 2ಎ 00. ಮೊದಲೆರಡು ಬೈಟ್‌ಗಳು ‘ಐ ಐ’ ಅಕ್ಷರಗಳು, ಮುಂದಿನದು 42 ಎಂಬ ಸಂಖ್ಯೆ (ಹೆಕ್ಸ್‌ನಲ್ಲಿ 2ಎ). 1986ರಲ್ಲಿ ಆಲ್ಡಸ್ ಕಂಪನಿ ರೂಪಿಸಿದ ಟಿಫ್ ಮಾದರಿಯ ಗುರುತು ಇದೇ. ಡಿಎನ್‌ಜಿ ನಿಂತಿರುವುದು ಆ ಅಡಿಪಾಯದ ಮೇಲೆ. ಒಲಿಂಪಸ್ ಫೈಲಿನಲ್ಲಿ 42 ಇರಬೇಕಾದ ಜಾಗದಲ್ಲಿ ‘ಆರ್ ಒ’ ಅಕ್ಷರಗಳು ಸಿಗುತ್ತವೆ. ಫ್ಯೂಜಿಯ ಆರ್‌ಎಎಫ್ ಫೈಲು ಶುರುವಾಗುವುದೇ ಕಂಪನಿಯ ಹೆಸರಿನಿಂದ!

◆ ಬೇರೆ ರಾ ಫೈಲುಗಳನ್ನು ಡಿಎನ್‌ಜಿಗೆ ಪರಿವರ್ತಿಸಿಕೊಳ್ಳಬೇಕು. ಕೆಲವು ಕ್ಯಾಮೆರಾಗಳಲ್ಲಿ ಮಾತ್ರ ಆ ಪರಿವರ್ತನೆಯ ಗೊಡವೆಯೇ ಇಲ್ಲ. ರಿಕೋ ಜಿಆರ್ ಡಿಜಿಟಲ್ (2005), ಲೈಕಾ ಎಂ8 (2006) ನೇರವಾಗಿ ಡಿಎನ್‌ಜಿಯನ್ನೇ ಬರೆದವು. ಐಫೋನ್ 12 ಪ್ರೊ ಜೊತೆ ಬಂದ ಪ್ರೊರಾ ಕೂಡ ಡಿಎನ್‌ಜಿಯೇ. ಆಂಡ್ರಾಯ್ಡ್‌ಗೆ ಡಿಎನ್‌ಜಿ 2014ರಲ್ಲೇ ಬಂತು.

◆ ಪರಿವರ್ತಿಸಿದರೆ ಗುಣಮಟ್ಟ ಕೆಡುವುದೇ? ಸಾಮಾನ್ಯ ಪರಿವರ್ತನೆಯಲ್ಲಿ ಇಲ್ಲ. ಸೆನ್ಸರ್ ಅಳತೆಗಳು ನಷ್ಟವಿಲ್ಲದ ಸಂಕೋಚನದಲ್ಲಿ ಹಾಗೆಯೇ ಉಳಿಯುತ್ತವೆ. ಆದರೆ ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್‌ನಲ್ಲಿ ‘ಲೀನಿಯರ್’ ಮತ್ತು ‘ಲಾಸಿ’ ಎಂಬ ಎರಡು ಆಯ್ಕೆಗಳಿವೆ, ಅವನ್ನು ಮುಟ್ಟಬೇಡಿ. ಲೀನಿಯರ್ ಆರಿಸಿದರೆ ಮೂರೂ ಬಣ್ಣಗಳನ್ನು ಲೆಕ್ಕ ಹಾಕಿಯೇ ಉಳಿಸುತ್ತದೆ. ಫೈಲು ಹಿಗ್ಗುತ್ತದೆ, ಮೂಲ ಜಾಲರಿ ಮರಳಿ ಸಿಗುವುದಿಲ್ಲ. ಲಾಸಿ ಅಂದರೆ ಮಾಹಿತಿ ನಷ್ಟ.

◆ ಮೂಲ ರಾ ಫೈಲನ್ನು ಇಡಿಯಾಗಿ ಡಿಎನ್‌ಜಿ ಒಡಲಲ್ಲೇ ಅಡಗಿಸಿಡಬಹುದು, ಬೇಕಾದಾಗ ಹೊರತೆಗೆಯಲೂಬಹುದು. ಗಾತ್ರ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ನಿಜ. ಆದರೆ ಕ್ಯಾನನ್, ನಿಕಾನ್‌ಗಳ ಸ್ವಂತ ಸಾಫ್ಟ್‌ವೇರ್‌ಗಳು ಪರಿವರ್ತಿತ ಡಿಎನ್‌ಜಿಯನ್ನು ಓದುವುದಿಲ್ಲವಾದ್ದರಿಂದ ಮೂಲ ಫೈಲು ಎಲ್ಲೋ ಒಂದು ಕಡೆ ಇರುವುದು ಕ್ಷೇಮ.

◆ ಡಿಎನ್‌ಜಿ ತನ್ನ ಆರೋಗ್ಯವನ್ನು ತಾನೇ ಹೇಳಬಲ್ಲದು! ಚಿತ್ರದ ಅಳತೆಗಳಿಂದ ಲೆಕ್ಕ ಹಾಕಿದ 16 ಬೈಟ್‌ಗಳ ಬೆರಳಚ್ಚೊಂದನ್ನು ಫೈಲಿನಲ್ಲೇ ಬರೆದಿಡಲು ಅವಕಾಶವಿದೆ. ವರ್ಷಗಳ ನಂತರ ಅಡೋಬಿಯ ಲೈಟ್‌ರೂಮ್‌ನಲ್ಲಿ ಪರೀಕ್ಷಿಸಿದಾಗ ಬೆರಳಚ್ಚು ತಾಳೆಯಾಗದಿದ್ದರೆ ಡಿಸ್ಕಿನಲ್ಲಿ ಚಿತ್ರ ಕೆಟ್ಟಿದೆ ಎಂದರ್ಥ. ಕೂಡಲೇ ಇನ್ನೊಂದು ಪ್ರತಿಯನ್ನು ಹುಡುಕಿ.

◆ ಆ ಇನ್ನೊಂದು ಪ್ರತಿ ಇರಬೇಕಲ್ಲ! ಅದಕ್ಕೇ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಸೂತ್ರ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ. ಒಂದೇ ಡಿಸ್ಕಿನಲ್ಲಿರುವ ಡಿಎನ್‌ಜಿಗೂ ಭದ್ರತೆಯಿಲ್ಲ.

◆ ಹಳೆಯ ರಾ ಫೈಲಿಗೆ ಕಾಲ ಕಳೆದಂತೆ ಬೆಲೆ ಏರುತ್ತದೆ ಕೂಡ. ಬಣ್ಣ ಲೆಕ್ಕ ಹಾಕುವ, ಮಬ್ಬು ಕಣಗಳನ್ನು ತೆಗೆಯುವ ವಿಧಾನಗಳು ಈಗ ಬಹಳ ಸುಧಾರಿಸಿವೆ. ಅಂದು ತೆಗೆದ ಮದುವೆಯ ಫೋಟೊ ಅಂದಿನ ಸಾಫ್ಟ್‌ವೇರ್ ತೋರಿಸಿದ್ದಕ್ಕಿಂತ ಇಂದು ಸ್ವಚ್ಛವಾಗಿ ಬರಬಲ್ಲದು. ಈ ಭಾನುವಾರವೇ ಅತಿ ಹಳೆಯ ಫೋಲ್ಡರಿನಿಂದ ಶುರು ಮಾಡಿ: ಮೊದಲು ಒಂದು ಪ್ರತಿ ಮಾಡಿ, ಹತ್ತು ಫೈಲುಗಳನ್ನು ಪರಿವರ್ತಿಸಿ, ಬೇರೆ ಪ್ರೋಗ್ರಾಂನಲ್ಲಿ ತೆರೆದು ನೋಡಿ. ಸರಿಯಿದ್ದರೆ ಉಳಿದವನ್ನೂ ಮುಗಿಸಿ. ಫೈಲು ತೆರೆಯುತ್ತಿರುವಾಗಲೇ ಮಾಡಬೇಕಾದ ಕೆಲಸ ಇದು!