ಕಾರ್ನ್‌ವಾಲಿನ ಗ್ರಾನೈಟ್ ಮತ್ತು ತವರದ ಶೋಧನೆ

ಕಂಚಿನ ಯುಗವನ್ನು ಬೋಧಿಸುವಾಗ ನಾವು ತಾಮ್ರಕ್ಕೇ ಹೆಚ್ಚು ಗಮನವನ್ನೀಯುತ್ತೇವೆ. ಆದರೆ ಕಂಚಿನಲ್ಲಿ ಸಾಮಾನ್ಯವಾಗಿ ಹತ್ತರಲ್ಲೊಂದು ಪಾಲು ತವರವಿರುತ್ತದೆ. ಆ ತವರವಾದರೋ ಕೆಲವೇ ನಾಡುಗಳಲ್ಲಿ ದೊರೆಯತಕ್ಕದ್ದು. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಅವುಗಳಲ್ಲೊಂದು.

ಅಲ್ಲಿನ ಗ್ರಾನೈಟ್ ೨೭ ಕೋಟಿ ವರ್ಷಗಳಿಗೂ ಹಿಂದೆ ಶಿಲಾರಸವು ಭೂಗರ್ಭದಲ್ಲಿ ಘನೀಭವಿಸಿ ಉಂಟಾದುದು. ತವರ, ಲಿಥಿಯಂ ಮೊದಲಾದ ಧಾತುಗಳು ಮೊದಲು ಹರಳುಗಟ್ಟುವ ಖನಿಜಗಳಲ್ಲಿ ಸುಲಭವಾಗಿ ಸೇರವು. ಕೊನೆಗುಳಿದ ರಸದಲ್ಲಿ ಸಂಚಯವಾಗುತ್ತವೆ. ಹೀಗೆ ಲಿಥಿಯಂ ಅಭ್ರಕವನ್ನು ಸೇರಿತು. ತವರವು ಬಿಸಿನೀರಿನೊಡನೆ ಹರಿದು ಬಂಡೆಯ ಬಿರುಕುಗಳಲ್ಲಿ ಅದಿರಿನ ಎಳೆಯಾಗಿ ನಿಂತಿತು. ಬಂಡೆ ಶಿಥಿಲವಾದಾಗ ಅದಿರು ತೊರೆಗಳ ಜಲ್ಲಿಗಿಳಿಯಿತು. ಬೆಣಚುಕಲ್ಲಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದುದರಿಂದ ಅದು ತಳದಲ್ಲಿ ತಂಗುತ್ತದೆ. ಪ್ರಾಚೀನರು ಜಲ್ಲಿಯನ್ನು ತೊಳೆದು ಅದನ್ನು ಪಡೆದರು. ಮುಂದಿನವರು ತೊರೆಯ ಜಾಡು ಹಿಡಿದು ಮೂಲದ ಎಳೆಯನ್ನು ಅರಸಿದರು. ಇಂದಿನ ಭೂವಿಜ್ಞಾನಿಯೂ ಕೊರೆತಕ್ಕೆ ಮುನ್ನ ತೊರೆಯ ಮೆಕ್ಕಲನ್ನು ಪರೀಕ್ಷಿಸುವುದುಂಟು.

ಇತಿಹಾಸಕಾರನಿಗೆ ಇಲ್ಲೊಂದು ತೊಡಕಿದೆ. ಮಧ್ಯಯುಗದವರೂ ಅನಂತರದವರೂ ಅದೇ ಜಲ್ಲಿಯನ್ನು ಮತ್ತೆ ಮತ್ತೆ ತೊಳೆದುದರಿಂದ ಪ್ರಾಚೀನರ ಕೆಲಸದ ಕುರುಹುಗಳು ಬಹುಮಟ್ಟಿಗೆ ಅಳಿದಿವೆ. ಕುರುಹಿಲ್ಲವೆಂದ ಮಾತ್ರಕ್ಕೆ ಕೆಲಸವೇ ನಡೆಯಲಿಲ್ಲವೆಂದು ನಾವು ತೀರ್ಮಾನಿಸಕೂಡದು. ೧೯೯೮ರಲ್ಲಿ ಸೌತ್ ಕ್ರಾಫ್ಟಿ ಗಣಿ ಮುಚ್ಚಿತಾದರೂ, ಈಚೆಗೆ ತವರ, ಲಿಥಿಯಂಗಳಿಗಾಗಿ ಅಲ್ಲಿ ಶೋಧನೆ ಪುನಃ ಆರಂಭವಾಗಿದೆ. ಉಳಿದಿರುವ ಅಲ್ಪ ಸಾಕ್ಷ್ಯವನ್ನು ಹೊಸ ಅಗೆತಕ್ಕೆ ಮುನ್ನವೇ ದಾಖಲಿಸುವುದು ಭೂವಿಜ್ಞಾನಿ, ಇತಿಹಾಸಕಾರ ಇಬ್ಬರಿಗೂ ಸೇರಿದ ಹೊಣೆ.